ಲಿಫ್ಟ್ ಮೆಕ್ಯಾನಿಕ್‌ಗೆ ಮಕ್ಕಳೆಷ್ಟು?

ಜೂನ್ 3, ಮಂಗಳವಾರ

ಆನ್‌ಲೈನ್ ಕ್ಲಾಸು, ನಾಲ್ಕನೇ ವಾರ; ಮಕ್ಕಳಿಗೆ ಕಥೆ ಕಟ್ಟಲು ಕಲಿಸುತ್ತೇನೆ. ಹನ್ನೊಂದು ಚೌಕ, ಹನ್ನೊಂದು ಬೊಂಬೆ. ಸ್ವಂತ ಮುಖ ತೋರಿಸುವಂತಿಲ್ಲ — ಒಂದು ಪಾತ್ರ ಕಟ್ಟಬೇಕು, ಅದರ ಬಾಯಲ್ಲೇ ಮಾತಾಡಬೇಕು. ಮಾದರಿಗೆ ನನ್ನದೊಂದು, ಲಿಫ್ಟ್ ಮೆಕ್ಯಾನಿಕ್. ನಾನು ಬಾಯಿ ಬಿಟ್ಟರೆ ಪರದೆಯ ಮೇಲೆ ಅವನ ಮೀಸೆ ಅಲ್ಲಾಡುತ್ತದೆ. ನಕ್ಕರೆ ಕೆನ್ನೆಗೇ ಹತ್ತುತ್ತದೆ. ಸರಿಮಾಡಲು ಇನ್ನೂ ಪುರುಸೊತ್ತಾಗಿಲ್ಲ.

ಇವತ್ತು ಅವನಿಗೆ ಪ್ರಶ್ನೆಗಳ ಸುರಿಮಳೆ. "ಅಂಕಲ್, ಲಿಫ್ಟ್ ಕೆಟ್ಟಿದೆ ಅಂತ ಹೇಗೆ ಗೊತ್ತಾಗುತ್ತೆ?" ಒಮ್ಮೆ ಕೆಮ್ಮಿ ಹೇಳಿದೆ: "ಅದೇ ಹೇಳುತ್ತೆ ಮರಿ. ಬಾಗಿಲಿಗೆ ಕಿವಿ ಇಡೋ ತಾಳ್ಮೆ ಬೇಕು ಅಷ್ಟೇ."

ಕೆಮ್ಮು, ಲಿಫ್ಟ್ ಮೆಕ್ಯಾನಿಕ್ ಆಗಿದ್ದ ನನ್ನಪ್ಪನದು. ಮಾತೂ ಅಪ್ಪನದೇ. ಹುಡುಗರಿಗೆ ಗೊತ್ತಿಲ್ಲ.

"ನಿಮಗೆ ಮಕ್ಕಳೆಷ್ಟು?"

"ಒಬ್ಬಳೇ ಮಗಳು."

ಯಾಕೆ ಹಾಗೆಂದೆನೋ…

ಜೂನ್ 4

ಯಾಕೆ ಅಂತ ಗೊತ್ತು. ಅಕ್ಕ ಮಾತು ಬಿಟ್ಟು ಎಂಟು ತಿಂಗಳು. ಹೋದ ಬ್ಯಾಚಿನ ರೆಕಾರ್ಡಿಂಗ್ ಯಾರೋ ಅವಳಿಗೆ ತೋರಿಸಿದ್ದರು. "ಅಪ್ಪ ಹೋಗಿ ವರ್ಷ ತುಂಬಿಲ್ಲ, ಬೊಂಬೆ ಮಾಡಿ ಕುಣಿಸ್ತಿದ್ದೀಯಲ್ಲೇ!" ನಾನೂ ಸುಮ್ಮನಿರಲಿಲ್ಲ. "ಅವರ ಬಟ್ಟೆಯೆಲ್ಲ ನೀನು ಒಂದೇ ದಿನದಲ್ಲಿ ಗಂಟು ಕಟ್ಟಿ ಕೊಟ್ಟುಬಿಟ್ಟೆ. ನನಗೆ ಉಳಿದಿದ್ದು ಕೆಮ್ಮೊಂದೇ." ಮಾತಿಗೆ ಮಾತು ಬೆಳೆಯಿತು. ಅಲ್ಲಿಗೆ ನಿಂತಿತು.

ಕೋಪ ಅಕ್ಕನ ಮೇಲೆ. ಅವಳನ್ನು ಅಳಿಸಿಹಾಕಿದ್ದು ಮಾತ್ರ ಅಪ್ಪನ ಬಾಯಿಂದ. ನಾಚಿಕೆಯಾಗುತ್ತಿದೆ.

ಜೂನ್ 10

ಸಿಕ್ಕಿಬಿದ್ದೆ. ಎಲ್ಲವನ್ನೂ ಬರೆದಿಡುವ ಒಬ್ಬ ಹುಡುಗಿ ಇದ್ದಾಳೆ, ನಾನಿಟ್ಟ ಹೆಸರು ಚಿತ್ರಗುಪ್ತೆ.

"ಮ್ಯಾಮ್, ಎರಡನೇ ವಾರ ಅಂಕಲ್ 'ಮಕ್ಕಳಿಬ್ಬರ ಶೂ ಲೇಸ್ ಕಟ್ಟಿ ಕೆಲಸಕ್ಕೆ ಹೊರಡ್ತೀನಿ' ಅಂದಿದ್ರು. ಈಗ ಒಬ್ಬಳೇ ಹೇಗಾದ್ಲು?"

ನಿಯಮ ನನ್ನದೇ — ಪಾತ್ರ ಆಡಿದ ಮಾತು ಅಳಿಸುವಂತಿಲ್ಲ. ತಾಳೆಯಾಗದಿದ್ದರೆ ಕಥೆಯಲ್ಲೇ ಕಾರಣ ಹುಡುಕಬೇಕು. ನಾನು ತೋಡಿದ ಗುಂಡಿಗೆ ನಾನೇ ಬಿದ್ದೆ.

"ದೊಡ್ಡವಳು ಸತ್ತುಹೋಗಿರ್ಬೇಕು" ಎಂದ ಒಬ್ಬ.

"ಇಲ್ಲ!" — ಎಷ್ಟು ಜೋರಾಗಿ ಎಂದೆನೆಂದರೆ ಮೀಸೆ ಹಣೆಗೆ ಹಾರಿತು. ಎಲ್ಲರೂ ನಕ್ಕರು. ಚಿತ್ರಗುಪ್ತೆ ನಗಲಿಲ್ಲ.

"ಇಷ್ಟು ಒಳ್ಳೆ ಅಪ್ಪ ಹಾಗೆ ಹೇಳಲ್ಲ ಮ್ಯಾಮ್. ಚಿಕ್ಕವಳು ಪಕ್ಕದಲ್ಲಿ ನಿಂತು ಹೇಳಿಸಿರ್ತಾಳೆ. ಅಕ್ಕ-ತಂಗಿ ಜಗಳ ಆಡಿರ್ತಾರೆ. ಆಗ ಅಪ್ಪ ಏನ್ ಮಾಡ್ತಿದ್ರು?"

ಮುಂದಿನ ವಾರ ಹೇಳುತ್ತೇನೆ ಎಂದು ಜಾರಿಕೊಂಡೆ. ಹೋಮ್‌ವರ್ಕ್ ಈಗ ಟೀಚರಿಗೆ.

ಜೂನ್ 11, ಬೆಳಿಗ್ಗೆ 6

ನೆನಪಾಯಿತು! ನಾವು ಕಿತ್ತಾಡಿದರೆ ಅಪ್ಪ ಇಬ್ಬರನ್ನೂ ಲಿಫ್ಟಿಗೆ ಹತ್ತಿಸಿ, ಮೂರು–ನಾಲ್ಕನೇ ಮಹಡಿಯ ನಡುವೆ ನಿಲ್ಲಿಸಿಬಿಡುತ್ತಿದ್ದರು. ಟೂಲ್‌ಬಾಕ್ಸ್ ಮೇಲೆ ಕೂತು ಏನೋ ಒಂದು ಮಾತು ಹೇಳುತ್ತಿದ್ದರು. ಆಮೇಲೆ ಲಿಫ್ಟ್ ಹೊರಡುತ್ತಿತ್ತು. ಏನದು? ತಲೆ ಕೆರೆದುಕೊಂಡರೂ ಹೊಳೆಯದು. ನನಗಾಗ ಆರು ವರ್ಷ, ಅಕ್ಕನಿಗೆ ಹನ್ನೊಂದು. ಗೊತ್ತಿರುವುದು ಅವಳೊಬ್ಬಳಿಗೇ.

ಬರೆದೆ: "ಅಕ್ಕಾ, ಲಿಫ್ಟ್ ನಿಲ್ಲಿಸಿ ಅಪ್ಪ ಏನಂತಿದ್ರು? ಕೆಮ್ಮನ್ನ ನಿನ್ನ ಕೇಳಿ ತಗೋಬೇಕಿತ್ತು. ತಪ್ಪಾಯ್ತು. ಮಂಗಳವಾರ ನಾಲ್ಕಕ್ಕೆ ಕ್ಲಾಸು." ಜೊತೆಗೆ ಲಿಂಕ್.

ಜೂನ್ 14

ಓದಿದ್ದಾಳೆ. ಉತ್ತರವಿಲ್ಲ.

ಜೂನ್ 17, ಸಂಜೆ 5:20

ಹನ್ನೆರಡನೇ ಚೌಕ! ಬೊಂಬೆಯಿಲ್ಲ, ಹೆಸರಿಲ್ಲ, ಬರೀ ಕಪ್ಪು. ಮೆಕ್ಯಾನಿಕ್‌ನನ್ನು ಮಾತಾಡಿಸಿದೆ: "ಲಿಫ್ಟ್ ಮಧ್ಯದಲ್ಲೇ ನಿಲ್ಲಿಸ್ತಿದ್ದೆ…"

"ಆಮೇಲೆ?" ಚಿತ್ರಗುಪ್ತೆ.

ಕೆಮ್ಮಿದೆ. ಮುಂದಿನ ಮಾತು ಹೊರಡಲಿಲ್ಲ.

ಕಪ್ಪು ಚೌಕದಿಂದ ದನಿ: "ಹಾಗಲ್ಲ ಕಣೇ ಕೆಮ್ಮೋದು. ಹೀಗೆ." ಕೆಮ್ಮಿದಳು. ಥೇಟ್ ಅಪ್ಪ. ನನ್ನದು ಅದರ ಮುಂದೆ ಏನೇನೂ ಅಲ್ಲ.

"'ಮೊದಲು ಮಾತಾಡಿದವರು ಬಟನ್ ಒತ್ತಬಹುದು' — ಇದೇ ಅವರ ಮಾತು. ಪ್ರತಿ ಸಲ ಇವಳೇ ಮೊದಲು ಬಾಯಿ ಬಿಡ್ತಿದ್ದಳು. ಕೈ ಮಾತ್ರ ಬಟನ್‌ಗೆ ಎಟುಕ್ತಿರ್ಲಿಲ್ಲ. ನಾನು ಎತ್ತಿಕೊಳ್ಳಬೇಕಿತ್ತು."

ಚಿತ್ರಗುಪ್ತೆ ಮೆಲ್ಲಗೆ ಕೇಳಿದಳು, "ಅಂಕಲ್, ಮಕ್ಕಳೆಷ್ಟು?"

"ಇಬ್ಬರು ಮರಿ" ಎಂದೆ. ಅಳು ಬಂತು. ಅತ್ತರೆ ಮೀಸೆ ಗಲ್ಲಕ್ಕಿಳಿಯುತ್ತದೆ ಎಂದು ಇವತ್ತೇ ಗೊತ್ತಾದದ್ದು.

ಕಪ್ಪು ಚೌಕ ಅಷ್ಟರಲ್ಲೇ ಮಾಯ. ಕೋಪ ಇಳಿಯಿತೋ ಇಲ್ಲವೋ… ಅರೆ, ಫೋನು. ಅಕ್ಕ! ಈ ಸಲವೂ ಮೊದಲು ಬಾಯಿ ಬಿಟ್ಟವಳು ನಾನೇ; ಬಟನ್ ಒತ್ತಿದ್ದು ಮಾತ್ರ ಅವಳು.