ಒಳಗಿನಿಂದ ಹಾಕುವ ಬೀಗ

ಜೂನ್ ೯, ಸೋಮವಾರ

ಇಸ್ತ್ರಿ ಪೆಟ್ಟಿಗೆ ಓದುವ ಕೋಣೆಯಲ್ಲಿದೆ. ಈಗ ಅದು ಅಕ್ಕನ ಕೋಣೆ. ಬ್ಯಾಗು ಹಿಡಿದು ಬಂದು ವಾರವಾಯಿತು. ಭಾವನ ಮಾತು ಎತ್ತಿಲ್ಲ. ನಾನೂ ಕೇಳಿಲ್ಲ.

ಎಂದಿನಂತೆ ಸ್ಲೈಡಿಂಗ್ ಬಾಗಿಲು ಸರಿಸಲು ಹೋದೆ. ಸರಿಯಲಿಲ್ಲ. ಹಳಿಗೆ ಕಸ ಸಿಕ್ಕಿರಬೇಕೆಂದು ಹೆಗಲು ಕೊಟ್ಟು ನೂಕಿದೆ. ಒಳಗೆ ದಡಾರ್. ಕುರ್ಚಿ ಬಿದ್ದಿತ್ತು, ನೆಲ ಒರೆಸುವ ಕೋಲು ಮುರಿದಿತ್ತು. ಬಾಗಿಲಿಗೆ ಅಡ್ಡ ಇಟ್ಟುಕೊಂಡಿದ್ದಾಳೆ. ನನ್ನ ಮನೆಯಲ್ಲಿ! ಅಕ್ಕ ಗೋಡೆಗೆ ಅಂಟಿ ನಿಂತಿದ್ದಳು, ಎರಡೂ ಕೈ ತಲೆಯ ಮೇಲೆ.

“ನಾನೇ ಅಕ್ಕ.”

“ಗೊತ್ತು ಕಣೋ. ನಿದ್ದೆಗಣ್ಣು.”

ಮುದುಡಿದ ಅಂಗಿಯಲ್ಲೇ ಕನ್ನಡಕದ ಅಂಗಡಿಗೆ ಹೋದೆ. ದಿನವಿಡೀ ಕಂಡವರ ಕಣ್ಣು ಪರೀಕ್ಷೆ. ಮನಸ್ಸು ಕಹಿ.

ಜೂನ್ ೧೧, ಬುಧವಾರ

ಊಟಕ್ಕೆ ಕೂತಾಗ ನಾಲಿಗೆ ನಿಲ್ಲಲಿಲ್ಲ. “ಈ ಮನೇಲಿ ಕಳ್ಳಕಾಕರು ಯಾರೂ ಇಲ್ಲ ಅಕ್ಕ.” ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದಳು.

“ಇನ್ಮೇಲೆ ಇಡಲ್ಲ ಬಿಡು,” ಅಂದಳು ಅಕ್ಕ, ತಟ್ಟೆ ನೋಡುತ್ತಲೇ.

ಪಾತ್ರೆ ತೊಳೆಯುವಾಗ ಹೆಂಡತಿ ಶುರುಮಾಡಿದಳು. “ಕಳ್ಳರಿಗೆ ಹೆದರೋರು ಬೀದಿ ಬಾಗ್ಲಿಗೆ ಅಡ್ಡ ಇಡ್ತಾರೆ. ಇವ್ರು ಮಲಗೋ ಕೋಣೆಗೆ ಇಟ್ಕೊಂಡ್ರು. ಯಾಕೆ ಅಂತ ಕೇಳಿದ್ರಾ? ಮೊನ್ನೆ ತಲೆ ಬಾಚ್ವಾಗ ನೋಡ್ದೆ. ಕೂದಲ ಸಂದೀಲಿ ಹೊಲಿಗೆ ಗುರುತು. ನಿಮ್ಮ ಭಾವನ ಕೈ ಕೆಲಸ.”

“ಮೊದಲೇ ಹೇಳ್ಬಾರದಿತ್ತಾ?”

“ನಿಮ್ಮ ಅಕ್ಕ ತಾನೆ. ನಿಮಗೆ ಕಣ್ಣಿರಲಿಲ್ವಾ?”

ತಗ್ಗಿಸಿದ ತಲೆ ಎತ್ತಲಾಗಲಿಲ್ಲ. ಅಡ್ಡ ಇಡಲ್ಲ ಅಂದಳಲ್ಲ ಅಕ್ಕ... ಇವತ್ತು ಹೇಗೆ ಮಲಗುತ್ತಾಳೋ.

ಜೂನ್ ೧೪, ಶನಿವಾರ

ಬೀಗ ತಂದೆ. ಹಾರ್ಡ್‌ವೇರ್ ಅಂಗಡಿಯವನು ಹೇಳಿದ: “ಸರಿಯೋ ಬಾಗ್ಲಿಗೆ ಮಾಮೂಲಿ ಬೀಗ ನಿಲ್ಲಲ್ಲ ಸಾರ್. ಕೊಕ್ಕೆ ಇರೋದೇ ಬೇಕು.” ಬೆರಳಲ್ಲಿ ಹಿಡಿಯುವ ತಿರುಪು ತಿರುಗಿಸಿದರೆ ಕೊಕ್ಕೆ ಹೊರಬಂದು ಚೌಕಟ್ಟನ್ನು ಕಚ್ಚುತ್ತದೆ. ಒಂದು ಕಡೆ ತಿರುಪು, ಇನ್ನೊಂದು ಕಡೆ ಬರೀ ಕೀಲಿ ತೂತು.

ಅಕ್ಕ, ಹೆಂಡತಿ ಪೇಟೆಗೆ ಹೋಗಿದ್ದರು. ಬರುವುದರೊಳಗೆ ಮುಗಿಸಬೇಕು. ಹಾಲ್‌ನಲ್ಲಿ ನಿಂತೇ ಡ್ರಿಲ್ ಹಾಕಿದೆ, ಉಳಿಯಿಂದ ಕೆತ್ತಿದೆ. ಮೊದಲ ತೂತು ವಾರೆ. ಎರಡನೆಯದು ಅಚ್ಚುಕಟ್ಟು. ಬಡಗಿಯೇ ಬಂದು ತಲೆದೂಗಬೇಕು—ಅಂದುಕೊಂಡೆ.

ಬಂದರು. “ಒಳಗೆ ನಿಂತ್ಕೋ ಅಕ್ಕ, ತೋರಿಸ್ತೀನಿ.” ಬಾಗಿಲು ಎಳೆದೆ. ತಿರುಗಿಸಿದೆ. ಕಟಕ್.

ತಿರುಪು ನನ್ನ ಕೈಯಲ್ಲಿತ್ತು. ಹೊರಗೆ.

ಒಳಗಿನಿಂದ ಮೆಲ್ಲಗೆ—“ತೆಗೀರಿ. ಇನ್ನೊಂದ್ಸಲ ಎದುರು ಮಾತಾಡಲ್ಲ. ತೆಗೀರಿ.”

ನಾನು ತಮ್ಮ. ಬುದ್ಧಿ ಬಂದಾಗಿನಿಂದ ನನ್ನನ್ನು ‘ಗೂಬೆ’ ಅಂತಲೇ ಕರೆದವಳು. ನನಗೆ ‘ರೀ’...

ತೆಗೆಯುವಷ್ಟರಲ್ಲಿ ಬೆರಳು ಜಾರಿತು. ಮತ್ತೆ ಜಾರಿತು.

ಜೂನ್ ೧೯, ಗುರುವಾರ

ಬರೆಯಲು ಮುಖವಿರಲಿಲ್ಲ. ಬೀಗ ಅಂದೇ ಕಿತ್ತು ಡಬ್ಬಿಗೆ ಹಾಕಿದ್ದೆ. ಬಾಗಿಲಲ್ಲಿ ತೂತು ಹಾಗೇ ಇತ್ತು, ಹೋಗುತ್ತ ಬರುತ್ತ ಅದೇ ಕಾಣುತ್ತಿತ್ತು.

ಇವತ್ತು ಅಕ್ಕನೇ ಡಬ್ಬಿ ತಂದು ನನ್ನ ಮುಂದಿಟ್ಟಳು. “ಏಳೋ ಗೂಬೆ, ತಿರುವಿ ಹಾಕು. ನಾನು ಟಾರ್ಚ್ ಹಿಡೀತೀನಿ.”

ಕೋಣೆಯ ಒಳಗೆ ಕೂತು ಹಾಕಿದೆ. ಕೊನೆಯ ಸ್ಕ್ರೂ ಅವಳೇ ಬಿಗಿಸಿದಳು. ನನ್ನನ್ನು ಹೊರಗೆ ಕಳಿಸಿ, ಹಾಕಿ ತೆಗೆದು, ಹಾಕಿ ತೆಗೆದು ನೋಡಿದಳು. ಕೀಲಿಕೈ ಎರಡಿದ್ದವು. ಒಂದನ್ನು ಜೇಬಿಗಿಳಿಸಿದೆ—“ಅವಸರಕ್ಕೆ ಇರ್ಲಿ.” ಅಕ್ಕ ನನ್ನ ಜೇಬನ್ನೇ ನೋಡಿದಳು. ಹೆಂಡತಿ ಕೈ ಚಾಚಿದಳು. ಕೊಟ್ಟೆ. ಅವಳು ಎರಡನ್ನೂ ಅಕ್ಕನ ಕೈಗಿಟ್ಟಳು.

ನನಗೆ ಬುದ್ಧಿ ಬರಲು ಇನ್ನೆಷ್ಟು ಬೇಕೋ.

ಜೂನ್ ೨೨, ಭಾನುವಾರ, ಮಧ್ಯಾಹ್ನ

ಭಾವ ಬಂದಿದ್ದರು. ಹೇಳದೆ ಕೇಳದೆ. ಕದ ತೆರೆದವನು ನಾನು. ಬಾಯಿಂದ ಬಂದದ್ದು—“ಬನ್ನಿ ಭಾವ, ಕೂತ್ಕೊಳ್ಳಿ.” ಕೋಣೆಯಲ್ಲಿ ಕಟಕ್ ಎಂದಿತು. ಟೀ ಮಾಡಿದವನೂ ನಾನೇ. ಸಕ್ಕರೆ ಸಾಕಾ ಅಂತ ಬೇರೆ ಕೇಳಿದೆ.

“ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ಕಳಿಸ್ಕೊಡಿ,” ನಕ್ಕರು.

“ಉಂಡಿದ್ದಾಯ್ತು, ಮಲಗಿದ್ದೂ ಆಯ್ತು. ತಲೆಗೆ ಹೊಲಿಗೆ ಯಾವಾಗ ಬಿತ್ತು, ಅದನ್ನ ಹೇಳಿ,” ಅಂದಳು ಹೆಂಡತಿ.

ಭಾವನ ನಗು ಇಂಗಿತು. ಎದ್ದು ಹೋಗಿ ಕೋಣೆಯ ಬಾಗಿಲು ಜಗ್ಗಿದರು. ಮತ್ತೆ ಜಗ್ಗಿದರು. ಕೊಕ್ಕೆ ಬಿಡಲಿಲ್ಲ. “ಇದಕ್ಕೆ ಬೀಗ ಹಾಕಿದ್ದು ಯಾರು?”

“ನಾನು.” ಹೋಗಿ ನಡುವೆ ನಿಂತೆ. “ನೀವು ಹೊರಡಿ ಭಾವ.” ಆಗಲೂ ‘ಭಾವ’.

ಹೋದರು. ಬಾಗಿಲು ತಟ್ಟಿದೆ. “ಹೋದ್ರು ಅಕ್ಕ.”

“ಟೀ ಯಾಕೋ ಕೊಟ್ಟೆ?”

ಬಾಗಿಲ ಹೊರಗೆ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಮೇಜಿನ ಮೇಲೆ ಅವರ ಲೋಟ, ಖಾಲಿ. ಪೂರ್ತಿ ಕುಡಿದರು. ಹೆದರಿದ್ದೆ ಅನ್ನಲೇ? ಹೆದರಿರಲೂ ಇಲ್ಲ. ಬರೀ ಮರ್ಯಾದೆ... ಇದನ್ನು ಅವಳಿಗೆ ಹೇಗೆ—

ತಿರುಪು ತಿರುಗಿದ ಸದ್ದು. ಬಾಗಿಲು ಅಂಗೈಯಗಲ ಸರಿಯಿತು.