ನಾಯಕನ ಕೆಳದವಡೆ

ತಾರೀಖು ಹದಿನಾಲ್ಕು
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಮೊದಲು ತಪ್ಪೊಪ್ಪಿಗೆ. ನಿನ್ನ ಏಕಮಾತ್ರ ತಮ್ಮನಾದ ನಾನು, ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಡುವುದೇನೆಂದರೆ: ಈ ದೇಶದ ನಾಯಕನ ಕೆಳದವಡೆಯನ್ನು ನಾನು ಕದ್ದಿದ್ದೇನೆ. ಗಾಬರಿಯಾಗಬೇಡ, ಅಸಲಿಯಲ್ಲ, ಹಲ್ಲಿನ ಸೆಟ್ಟು ಕಟ್ಟಲು ತೆಗೆದ ಪ್ಲಾಸ್ಟರ್ ಅಚ್ಚು. ಕೆಲಸ ಮುಗಿದ ಕೂಡಲೇ ಅದನ್ನು ಒಡೆದುಹಾಕಬೇಕೆಂದು ಅವನ ಕಾರ್ಯದರ್ಶಿಯ ಅಪ್ಪಣೆಯಾಗಿತ್ತು. ದೇಶದ ಭದ್ರತೆಯ ಪ್ರಶ್ನೆಯಂತೆ. ನಾನು ಯಾವುದೋ ಅಜ್ಜಿಯ ದವಡೆಯನ್ನು ಆ ಕಾರ್ಯದರ್ಶಿಯ ಕಣ್ಣೆದುರೇ ಸುತ್ತಿಗೆಯಿಂದ ಪುಡಿಮಾಡಿ, ಇದನ್ನು ಬಚ್ಚಿಟ್ಟುಕೊಂಡೆ. ಈ ಕಾಗದ ಫ್ಯಾನಿನ ಗಾಳಿಗೆ ಹಾರದಂತೆ ಈಗ ಅದೇ ಕಚ್ಚಿ ಹಿಡಿದಿದೆ. ಮಹಾಯುದ್ಧ ಮುಗಿದ ಮೇಲೆ ಆ ದವಡೆಯಿಂದ ಆದ ಮೊದಲ ಉಪಕಾರ ಇದು.

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಕೈತುಂಬ ಕೆಲಸ, ಕೈಯೆಲ್ಲ ಬೇರೆಯವರ ಬಾಯಲ್ಲಿ ಎಂದು ನೆಪ ಹೇಳಬಹುದು. ನಿಜವೆಂದರೆ ನೀನು ಒಪ್ಪಿಸಿದ ಕೆಲಸ ಆಗುವವರೆಗೂ ಬರೆಯಲು ನನಗೆ ಮುಖವಿರಲಿಲ್ಲ. "ಡಾಕ್ಟರು ನಿನ್ನನ್ನ ಆ ನಾಯಕನ ಮನೆಗೇ ಕರ್ಕೊಂಡು ಹೋಗ್ತಾರಂತಲ್ಲೋ. ಹೋದಾಗ ನಮ್ಮ ಕೊಕ್ಕರೆ ಹೆಸರು ಒಂದ್ಸಲ ಅವನ ಕಿವಿಗೆ ಹಾಕು. ಯುದ್ಧಕ್ಕೆ ಹೋದೋನು ಎರಡು ವರ್ಷದಿಂದ ಕಾಣೆ, ಕಾಣೆ ಅಂತಿದಾರೆಯೇ ಹೊರತು ಯಾರೂ ಹುಡುಕ್ತಿಲ್ಲ. ಅವನು ಒಂದು ಮಾತು ಹೇಳಿದ್ರೆ ಹುಡುಕ್ತಾರೆ. ಹಾಗೇ, ನಮಗೆ ಸಂಬಂಧ ಇಲ್ಲದ ಯುದ್ಧಕ್ಕೆ ಯಾತಕ್ಕಪ್ಪಾ ಹೋದೆ ಅಂತ್ಲೂ ಕೇಳು" ಎಂದು ನೀನು ಬರೆದಿದ್ದೆ. ನಿನ್ನ ಮಗನ ಉದ್ದ ಕಾಲು ನೋಡಿ ಕೊಕ್ಕರೆ ಎಂದು ಹೆಸರಿಟ್ಟವನು ಈ ಸೋದರಮಾವನೇ ಅಲ್ಲವೇ. ನೀನು ಆ ಹೆಸರನ್ನು ಬರೆದದ್ದು ಇದೇ ಮೊದಲು. ಮೊದಲೆಲ್ಲ ಸಿಡುಕುತ್ತಿದ್ದೆ.

ನಾಯಕ ಆ ಯುದ್ಧಕ್ಕೆ ಯಾತಕ್ಕೆ ಹೋದ ಎಂಬ ಪ್ರಶ್ನೆ ನಮ್ಮ ಕ್ಲಿನಿಕ್ಕಿನಲ್ಲಿ ದಿನವೂ ಬಗೆಹರಿಯುತ್ತದೆ, ದಿನಕ್ಕೊಂದು ರೀತಿ. ಮುಂದಿನ ಕೋಣೆಯಲ್ಲಿ ಡಾಕ್ಟರು ಹಲ್ಲು ಕೀಳುತ್ತಾರೆ, ಹಿಂದಿನ ಕೋಣೆಯಲ್ಲಿ ನಾನು ಕಟ್ಟುತ್ತೇನೆ. ನನ್ನ ಕೋಣೆಯ ಬೆಂಚಿಗೆ ಇಬ್ಬರು ಖಾಯಂ ಗಿರಾಕಿಗಳು: ನಿವೃತ್ತ ಇತಿಹಾಸದ ಮೇಷ್ಟ್ರು, ಮತ್ತೊಬ್ಬ ಇನ್ಶೂರೆನ್ಸ್ ಏಜೆಂಟ್. ಇಬ್ಬರ ಸೆಟ್ಟೂ ಕೊಟ್ಟು ಎಷ್ಟೋ ಕಾಲವಾಯಿತು. "ಇಲ್ಲಿ ಸ್ವಲ್ಪ ಒತ್ತುತ್ತೆ ಕಣಯ್ಯ" ಎಂದು ಬಂದು ಕೂರುತ್ತಾರೆ. ಒತ್ತುವುದು ಹಲ್ಲಲ್ಲ, ಮಾತು.

ಮೊನ್ನೆ ಮೇಷ್ಟ್ರು ನನ್ನ ಕೆಲಸದ ಮೇಜಿನ ಮೇಲೇ ಮಹಾಯುದ್ಧ ಹೂಡಿದರು. ಮೇಣದ ಡಬ್ಬಿ ಒಂದು ಬಣ, ಸ್ಪಿರಿಟ್ ದೀಪ ಇನ್ನೊಂದು ಬಣ. ನಡುವೆ, ನಾನು ಬಣ್ಣ ನೋಡಿ ಹೊಂದಿಸಿಟ್ಟಿದ್ದ ಪಿಂಗಾಣಿ ಹಲ್ಲುಗಳು ನಮ್ಮ ಸೈನ್ಯ.

"ನೋಡ್ರೀ, ಜಗತ್ತೆಲ್ಲ ಬಡಿದಾಡ್ತಿತ್ತು, ನಾವು ತೆಪ್ಪಗಿದ್ವಿ. ಇದ್ದಕ್ಕಿದ್ದ ಹಾಗೆ ಇವನ್ಯಾಕೆ ಧುಮುಕಿದ? ಬಂದರು! ಗೆದ್ದ ಮೇಲೆ ಎರಡು ಬಂದರು ನಿಮಗೇ ಅಂತ ಒಳಗೊಳಗೇ ಮಾತಾಗಿತ್ತು."

"ಬಂದರೂ ಇಲ್ಲ, ಗಿಂದರೂ ಇಲ್ಲ" ಎಂದ ಏಜೆಂಟ್. "ಚುನಾವಣೆ ಹತ್ರ ಬಂದಿತ್ತು ಸ್ವಾಮಿ. ನಿಂತಿದ್ರೆ ಮಣ್ಣು ಮುಕ್ತಿದ್ದ. ಯುದ್ಧ ಅಂದ್ಬಿಟ್ರೆ ಚುನಾವಣೆ ಮುಂದಕ್ಕೆ, ಕುರ್ಚಿ ಭದ್ರ."

"ನಿಮಗೆ ಎಲ್ಲದ್ರಲ್ಲೂ ಪಾಲಿಸೀನೇ ಕಾಣೋದು."

"ನಿಮಗೆ ಎಲ್ಲದ್ರಲ್ಲೂ ಭೂಪಟ."

ಮುಂದಿನ ಕೋಣೆಯಿಂದ ಡಾಕ್ಟರು, ಇಕ್ಕಳ ಯಾರದೋ ಬಾಯಲ್ಲಿರುವಂತೆಯೇ, ಕೂಗಿದರು: "ಎರಡೂ ಅಲ್ರೀ! ದೊಡ್ಡ ದೇಶದೋರ ಸಭೆಗೆ ಇವನನ್ನ ಕರೀಲಿಲ್ಲ. ಗ್ರೂಪ್ ಫೋಟೋದಲ್ಲಿ ಮುಂದಿನ ಸಾಲಲ್ಲಿ ಕೂರೋ ಚಪಲ, ಅಷ್ಟೇ!" ರೋಗಿ "ಆಂ... ಆಂ" ಎಂದ. ಸಮ್ಮತಿಯೋ ಸಂಕಟವೋ ತಿಳಿಯಲಿಲ್ಲ.

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲವಲ್ಲ. "ಬಂದರಿಗೆ ಅಂತ ಹೋದೋರು ಬರಲೇ ಇಲ್ವಲ್ಲ ಮೇಷ್ಟ್ರೇ" ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಅಕ್ಕ. ಆ ಮಾತನ್ನು ನಿನಗೆ ಬರೆಯುತ್ತಿರುವ ಈ ಕೈಗೆ ನಾಚಿಕೆಯಾಗುತ್ತಿದೆ.

ನಗು ನಿಂತ ಮೇಲೆ ಮೇಷ್ಟ್ರು ಎಡಗಡೆಯ ಹಲ್ಲುಗಳನ್ನೆಲ್ಲ ಅಂಗಿಯ ತೋಳಿನಿಂದ ಗುಡಿಸಿ ಪಕ್ಕಕ್ಕೆ ತಳ್ಳಿದರು. "ಇಷ್ಟೂ ಜನ ಈ ಹೊಳೆ ದಾಟೋವಾಗ ಹೋದ್ರು. ಇಲ್ಲಿ ಇವನ ಲೆಕ್ಕ ತಪ್ಪಿತು. ಆದ್ರೂ ಒಳ್ಳೇ ಚಾಲು ಅಂತೀನಿ ನಾನು" ಎಂದು ಚಹಾ ಸೊರ್ರೆಂದು ಹೀರಿದರು. ಕೊಕ್ಕರೆ ಕಾಣೆಯಾದದ್ದೂ ಹೊಳೆಯ ಹತ್ತಿರವೇ. ಒಂದು ಕೋರೆಹಲ್ಲು ಉರುಳಿ ಮೇಜಿನ ಕೆಳಗೆ ಬಿದ್ದಿತ್ತು. ಮೊಣಕಾಲೂರಿ ಹುಡುಕುವಾಗ ಅವರಿಬ್ಬರ ಚಪ್ಪಲಿ ಕಂಡವು, ಖುಷಿಯಲ್ಲಿ ಕುಣಿಯುತ್ತಿದ್ದ ಹೆಬ್ಬೆರಳು ಕಂಡವು.

ಎದ್ದು ನಿಂತು ಹೇಳಿಬಿಟ್ಟೆ: "ನೀವೆಲ್ಲ ಬರೀ ಊಹೆ ಮಾಡ್ತೀರಿ. ನಾನು ಅವನ ಮುಖಕ್ಕೇ ಕೇಳಿ ಬಂದಿದ್ದೀನಿ."

ಏಜೆಂಟನ ಬಾಯಿ ತೆರೆದೇ ಉಳಿಯಿತು. ನಾನೇ ಕಟ್ಟಿದ ಸೆಟ್ಟು, ಚೆನ್ನಾಗಿಯೇ ಕೂತಿದೆ.

"ಏನಂದ?" ಎಂದರು ಮೇಷ್ಟ್ರು.

"ತಲೆ ತಗ್ಗಿಸಿದ."

ಇನ್ನು ಅಲ್ಲಿ ನಡೆದದ್ದನ್ನು ನಿನಗೆ ಬಿಡಿಸಿ ಹೇಳಬೇಕು. ಹೋದ ವಾರ ಸೆಟ್ಟು ತೊಡಿಸಲು ಡಾಕ್ಟರ ಜೊತೆ ನಾಯಕನ ಮನೆಗೆ ಹೋಗಿದ್ದೆ. ದೊಡ್ಡ ಕಿಟಕಿಯ ಕೋಣೆ. ಕುತ್ತಿಗೆಗೆ ಟವೆಲ್ ಕಟ್ಟಿಕೊಂಡು, ಕ್ಷೌರಕ್ಕೆ ಕೂತವನ ಹಾಗೆ ಕೂತಿದ್ದ. ಗೋಡೆಯ ಮೇಲಿನ ಚಿತ್ರಗಳಲ್ಲಿ ಕಾಣುವ ಆ ಗಲ್ಲ ಹಲ್ಲಿಲ್ಲದೆ ಒಳಗೆ ಕುಸಿದಿತ್ತು. ಲವಂಗದೆಣ್ಣೆಯ ಅಡಿಯಲ್ಲಿ ಹಳಸಿದ ಮಾಂಸದ ವಾಸನೆ. ಎಂಥ ಬಾಯಿಗೂ ಹೇಸಿದವನಲ್ಲ ನಾನು, ಕಂಡವರ ಬಾಯಿಯಿಂದಲೇ ನನ್ನ ಅನ್ನ. ಅವತ್ತು ಉಸಿರು ಬಿಗಿಹಿಡಿದು ಬೆರಳು ಹಾಕಿದೆ.

ಸೆಟ್ಟು ತೊಡಿಸಿದ ಮೇಲೆ ಸಕಾರದ ಮಾತು ಆಡಿಸಿ ನೋಡುವುದು ನಮ್ಮ ಪದ್ಧತಿ. ಮುಂದಿನ ಹಲ್ಲು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸೀಟಿ ಹೊಡೆಯುತ್ತದೆ. ನಾನು ಎಲ್ಲರ ಬಾಯಲ್ಲೂ "ಸಾಸಿವೆ, ಸೊಸೆ, ಸಂಸಾರ" ಅನ್ನಿಸುತ್ತೇನೆ. ಅವನಿಗೆ ಸಾಸಿವೆ ಬೇಡವಾಯಿತು. ಯುದ್ಧದಲ್ಲಿ ಸತ್ತವರಿಗೆ ಕಟ್ಟಿಸಿದ ಸ್ಮಾರಕದ ಮುಂದೆ ಭಾಷಣವಿದೆಯಂತೆ, ಅದನ್ನೇ ಹೇಳಿ ನೋಡುತ್ತೇನೆಂದು ಕೈಗನ್ನಡಿ ತರಿಸಿಕೊಂಡ.

"ಸೈನಿಕರ ಸಾಹಸ... ಸೈನಿಕರ ಸಾವು..." ಸುಂಯ್ ಎಂದು ಸೀಟಿ ಬಂತು. "ಸಾವು ಸರಿ ಬರ್ತಿಲ್ಲ ಕಣಯ್ಯ. ಇನ್ನೊಂಚೂರು ಉಜ್ಜು."

ಉಜ್ಜಿದೆ. "ಸಾವು" ಎಂದ. ಮತ್ತೆ ಉಜ್ಜಿದೆ. "ಸಾವು. ಸಾವು. ಹಾಂ, ಈಗ ಬಂತು ನೋಡು!" ಎಂದು ಕನ್ನಡಿಗೆ ನಕ್ಕ. ನನ್ನ ಹಲ್ಲುಗಳನ್ನು ಬಿಟ್ಟು ನಕ್ಕ.

ಮೇಷ್ಟ್ರ ಬಂದರು, ಏಜೆಂಟನ ಚುನಾವಣೆ, ಡಾಕ್ಟರ ಫೋಟೋ, ಎಲ್ಲವೂ ನಿಜವಿರಬಹುದು. ನನಗೆ ಮಾತ್ರ ಆ ನಗು ಕಂಡ ಮೇಲೆ ಅವನ ಒಳಗಿನ ಕಾರಣ ಕೆದಕುವ ಆಸೆಯೇ ಹೋಯಿತು. ಚರಂಡಿಯ ಕಲ್ಲು ಎತ್ತಿ, ಒಳಗೆ ಯಾವ ಹುಳ ಮೊದಲು ಬಂತೆಂದು ವಾದ ಮಾಡಿದ ಹಾಗೆ.

ಆದರೂ ಕೇಳಿದೆ. ನಿನಗೋಸ್ಕರ. ಕೊಕ್ಕರೆಯ ಪೂರ್ತಿ ಹೆಸರು ಹೇಳಿ, "ನಮ್ಮ ಹುಡುಗ ಎಲ್ಲಿ, ಯಾತಕ್ಕೆ ಕಳಿಸಿದಿರಿ?" ಎಂದೆ. ಅವನು ತಲೆ ತಗ್ಗಿಸಿ, ಹೆಸರು ಬರೆದುಕೊಳ್ಳಲು ಕಾರ್ಯದರ್ಶಿಗೆ ಸನ್ನೆ ಮಾಡಿದ. ಇಡೀ ದೇಶದಲ್ಲಿ ಅವನ ಮುಖಕ್ಕೆ ಹೀಗೆ ಕೇಳಿದವನು ನಿನ್ನ ತಮ್ಮ ಒಬ್ಬನೇ ಎಂದು ಧೈರ್ಯವಾಗಿ ಹೇಳಿಕೋ.

ಭಾವನವರಿಗೆ ನಮಸ್ಕಾರ; ಅವರ ಮೇಲಿನ ಸೆಟ್ಟು ಸಡಿಲವಾಗಿದ್ದರೆ ಕಳಿಸಿಕೊಡು, ಅವರು ಬಾಯಿ ಮುಚ್ಚಿಕೊಂಡಿರುವಷ್ಟು ದಿನ ನಿನಗೂ ವಿಶ್ರಾಂತಿ. ಪುಟ್ಟಿಗೆ ಮಾವನ ಆಶೀರ್ವಾದ, ಚೆನ್ನಾಗಿ ಓದಲಿ, ಚೆನ್ನಾಗಿ ಹಲ್ಲುಜ್ಜಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಆಶೀರ್ವಾದ ಬೇಡುವ
ತಮ್ಮ

ತಾ. ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಹರಿದೆ. ಇದನ್ನು ಓದಿ ನೀನು ಬಾಗಿಲಲ್ಲಿ ಅಂಚೆಯವನಿಗಾಗಿ ಕಾಯುತ್ತೀ. ಕಾಯಬೇಡ. ಕಾರ್ಯದರ್ಶಿ ಏನನ್ನೂ ಬರೆದುಕೊಳ್ಳಲಿಲ್ಲ. ನಾನು ಏನನ್ನೂ ಕೇಳಲಿಲ್ಲ, ಅಕ್ಕ. ಕೇಳಿದವನು ಅವನು. ಟವೆಲ್ ಬಿಚ್ಚುತ್ತಿದ್ದೆ, "ನಿಮ್ಮ ಮನೆಯಿಂದ ಯಾರಾದ್ರೂ ಹೋಗಿದ್ರೇನಯ್ಯಾ ಯುದ್ಧಕ್ಕೆ?" ಎಂದ. ಡಾಕ್ಟರು ನನ್ನ ಮುಖ ನೋಡಿದರು. ಹುಡುಗನ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವನು ನನ್ನ ಕೆಲಸ ಮೆಚ್ಚಿಕೊಂಡಿದ್ದ, ಆ ಖುಷಿ ಕೆಡಿಸಲು ನನಗೆ ಮನಸ್ಸಾಗಲಿಲ್ಲ. "ಇಲ್ಲ ಸಾರ್, ನಮ್ಮಲ್ಲಿ ಯಾರೂ ಇಲ್ಲ" ಎಂದೆ. "ಅದೃಷ್ಟವಂತ ಬಿಡು" ಎಂದು ಬೆನ್ನು ತಟ್ಟಿದ. ನಾನು ಥ್ಯಾಂಕ್ಸ್ ಹೇಳಿದೆ.