ಹತ್ತು ನಿಮಿಷದ ಕತ್ತಲು

ಅನ್ನಪೂರ್ಣ ಟೀಚರಿಗೆ ಲೈನ್‌ಮನ್ ಗಾಳೇಶನ ನಮಸ್ಕಾರ.

ನೀವು ತೀರಿಕೊಂಡು ಮೂರು ತಿಂಗಳಾದವು. ಇವತ್ತು ಅಮಾವಾಸ್ಯೆ. ರಾತ್ರಿ ಊಟ ಮುಗಿಸಿ ಹೋಗಿ ನಮ್ಮೂರ ಬೀದಿದೀಪಗಳ ಫ್ಯೂಸ್ ಕಿತ್ತೆ.

ಎರಡು ವರ್ಷದ ಹಿಂದೆ ನೀವು ಕೊಪ್ಪಳದ ಮಕ್ಕಳಿಗೆ ಆಕಾಶಗಂಗೆ ತೋರಿಸಬೇಕೆಂದು, ಕತ್ತಲು ಹುಡುಕುತ್ತ ಯಲಬುರ್ಗಾ ದಾಟಿ ಇಲ್ಲಿಯ ತನಕ ಬಂದಿದ್ದಿರಿ.

"ನಿಮ್ಮೂರ ಆಕಾಶ ಭಾಳ ಛಲೋ ಐತ್ರಿ. ಹತ್ತು ನಿಮಿಷ ಲೈಟ್ ತೆಗೀರಿ, ಸಾಕು."

"ಅರ್ಜಿ ಕೊಡ್ರಿ, ನೋಡೂಣು," ಅಂದೆ.

ಮರುದಿನವೇ ಬರೆದು ತಂದುಕೊಟ್ಟಿರಿ. ಅಂಥ ಅರ್ಜಿ ಯಾವ ಆಫೀಸಿಗೂ ಬೇಕಿರಲಿಲ್ಲ, ಟೀಚರ್. ಆಗ ನಾನು ಲೈಟ್ ತೆಗೆಯಲಿಲ್ಲ; ಅದು ಇನ್ನೂ ನನ್ನ ಬೈಕಿನ ಚೀಲದಲ್ಲೇ ಇದೆ.

ಇವತ್ತು ಬೀದಿಯೇನೋ ಕತ್ತಲಾಯಿತು. ಆದರೆ ಆಗ ಖಾಲಿ ಇದ್ದ ಗುಡ್ಡಗಳ ಮೇಲೆಲ್ಲ ಈಗ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳು ನಿಂತಿವೆ. ಅವುಗಳ ಕೆಂಪು ದೀಪಗಳು ಒಟ್ಟಿಗೇ ಹೊತ್ತುತ್ತವೆ, ಒಟ್ಟಿಗೇ ಆರುತ್ತವೆ. ಕೊಪ್ಪಳದ ದಿಕ್ಕಿಗೆ ಕಾರ್ಖಾನೆಗಳ ಬೆಳಕಿನಲ್ಲಿ ಆಕಾಶ ರಾಡಿಯಾಗಿದೆ. ಕತ್ತು ನೋಯುವ ತನಕ ಹುಡುಕಿದೆ. ನೀವು ಹೇಳಿದ್ದು ಕಾಣಲಿಲ್ಲ.

ಕಟ್ಟೆಯ ಮೇಲಿಂದ ಮುದುಕಿ ಕರಿಯವ್ವ ಕೂಗಿದಳು: "ಲೈಟ್ ಯಾವಾಗ ಬರ್ತೈತೋ ಗಾಳೇಶಾ?"

"ಹತ್ತು ನಿಮಿಷ ತಡಿ ಬೇ."

"ಹತ್ತು ನಿಮಿಷಕ್ಕ ಏನಾಕೈತಿ? ಇರ್ಲಿ ಬಿಡು," ಅಂದು ಆಕೆ ಅಲ್ಲೇ ಕಾಲು ಚಾಚಿ ಕುಳಿತಳು.